ಮುಗಿಲೆತ್ತರದ ಮರಗಳು, ಮಂಜಿನ ಕಡಲು: ಮರದ ವ್ಯಾಪಾರದ ಹಾದಿಯಲ್ಲೊಂದು ಪ್ರವಾಸ

ಮಕ್ಕಳು ಅಮೆರಿಕದಲ್ಲಿ ನೆಲೆಸಿರುವುದರಿಂದ ಆಗಾಗ ಕ್ಯಾಲಿಫೋರ್ನಿಯಾಕ್ಕೆ ಹೋಗಿಬರುವ ವರ್ತಕ ಬಂಧುಗಳು ಈಗ ನಮ್ಮಲ್ಲಿ ಅನೇಕರಿದ್ದಾರೆ. ಗೋಲ್ಡನ್ ಗೇಟ್ ಸೇತುವೆಯ ಮುಂದೆ ಚಿತ್ರ ತೆಗೆಸಿಕೊಂಡು, ಲಾಸ್ ಏಂಜಲೀಸ್ ಮತ್ತು ಲಾಸ್ ವೇಗಾಸ್‌ಗಳನ್ನು ಸುತ್ತಿ ಮರಳುವುದು ಸಾಮಾನ್ಯ ವಾಡಿಕೆ. ಆದರೆ ಅದೇ ಸೇತುವೆಯನ್ನು ದಾಟಿ ಉತ್ತರಕ್ಕೆ ಹೊರಟರೆ, ನಾಲ್ಕೈದು ದಿನಗಳಲ್ಲಿ ಜಗತ್ತಿನ ಅತಿ ಎತ್ತರದ ಮರಗಳ ಕಾಡನ್ನೂ ಮಂಜು ಕವಿದ ಶಾಂತಸಾಗರದ ತೀರವನ್ನೂ ಒಂದೇ ಸುತ್ತಿನಲ್ಲಿ ನೋಡಿಬರಬಹುದು. ಹೋಗುವಾಗ 101ನೆಯ ಸಂಖ್ಯೆಯ ಹೆದ್ದಾರಿ, ಬರುವಾಗ ಕಡಲಂಚಿನ 1ನೆಯ ಸಂಖ್ಯೆಯ ಹೆದ್ದಾರಿ. ಈ ಹಾದಿಯ ಊರುಗಳೆಲ್ಲ ಒಂದಲ್ಲ ಒಂದು ವ್ಯಾಪಾರದಿಂದ ಹುಟ್ಟಿದವು. ಅವುಗಳಲ್ಲಿ ಕೆಲವು ಬಾಳಿದವು, ಕೆಲವು ಸೊರಗಿದವು. ಆ ಕಾರಣಕ್ಕಾಗಿಯೇ ಉದ್ಯಮಿಗಳಾದವರು ಈ ಪ್ರವಾಸವನ್ನು ಕೈಗೊಳ್ಳುವುದು ಒಳಿತು.

ಮಂಜನ್ನು ಕುಡಿದು ಬೆಳೆಯುವ ಮರ

ಸ್ಯಾನ್ ಫ್ರಾನ್ಸಿಸ್ಕೋದಿಂದ ಸುಮಾರು 290 ಕಿಲೋಮೀಟರ್ ದೂರದ ಲೆಗೆಟ್ ಎಂಬ ಸಣ್ಣ ಊರಿನವರೆಗೆ ದ್ರಾಕ್ಷಿ ತೋಟಗಳು, ಒಣ ಹುಲ್ಲಿನ ಗುಡ್ಡಗಳು ಕಾಣಿಸುತ್ತವೆ. ಅಲ್ಲಿಂದ ಮುಂದೆ ದೃಶ್ಯವೇ ಬದಲಾಗುತ್ತದೆ. ರಸ್ತೆಯ ಎರಡೂ ಬದಿಗೆ ಕೆಂಗಂದು ತೊಗಟೆಯ ರೆಡ್‌ವುಡ್ ಮರಗಳು ಎದ್ದು ನಿಲ್ಲುತ್ತವೆ. ಈ ಜಾತಿಯ ಮರ ಎರಡು ಸಾವಿರ ವರ್ಷಕ್ಕೂ ಮಿಕ್ಕಿ ಬದುಕಬಲ್ಲದು. 2006ರಲ್ಲಿ ಪತ್ತೆಯಾದ ‘ಹೈಪೀರಿಯನ್’ ಎಂಬ ಮರದ ಎತ್ತರ ಸುಮಾರು 380 ಅಡಿ. ಅಂದರೆ ಅದು ಮೂವತ್ತೈದು ಮಹಡಿಗಳ ಕಟ್ಟಡಕ್ಕೆ ಸಮ.

ಇಷ್ಟು ಎತ್ತರದ ಮರ ಇಲ್ಲಿಯೇ ಏಕೆ ಬೆಳೆಯಿತು ಎಂಬುದಕ್ಕೆ ಉತ್ತರ ಕಡಲಿನಲ್ಲಿದೆ. ಬೇಸಿಗೆಯಲ್ಲಿ ಉತ್ತರದಿಂದ ಬೀಸುವ ಗಾಳಿಯು ತೀರದ ಮೇಲ್ಮೈ ನೀರನ್ನು ಆಚೆಗೆ ತಳ್ಳುತ್ತದೆ. ಆ ಜಾಗಕ್ಕೆ ಆಳದ ತಣ್ಣೀರು ಮೇಲೇರುತ್ತದೆ. ಅದರ ಮೇಲೆ ಹಾದುಬರುವ ತೇವದ ಗಾಳಿ ತಣಿದು ಮಂಜಾಗಿ ಕಣಿವೆಗಳೊಳಗೆ ನುಗ್ಗುತ್ತದೆ. ಬೇಸಿಗೆಯಲ್ಲಿ ಇಲ್ಲಿ ಮಳೆ ಇಲ್ಲವೆಂದೇ ಹೇಳಬೇಕು. ಆ ತಿಂಗಳುಗಳಲ್ಲಿ ಮರದ ಎಲೆಗಳು ಮಂಜನ್ನು ಹಿಡಿದು ಹನಿಯಾಗಿಸಿ ಬೇರಿಗೆ ಇಳಿಸುತ್ತವೆ. ಕಾಡಿಗೆ ವರ್ಷದಲ್ಲಿ ದೊರೆಯುವ ನೀರಿನ ಸುಮಾರು ಮೂರನೆಯ ಒಂದು ಭಾಗ ಹೀಗೆ ಮಂಜಿನಿಂದಲೇ ಬರುತ್ತದೆಂದು 1998ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಹಾಗಾಗಿ ಕಾಡು ಮತ್ತು ಕಡಲು ಇಲ್ಲಿ ಒಂದನ್ನೊಂದು ಬಿಟ್ಟು ಇಲ್ಲ.

ಈ ಮರದ ತಿರುಳಿಗೆ ಗೆದ್ದಲು, ಶಿಲೀಂಧ್ರಗಳ ಬಾಧೆ ಕಡಿಮೆ. ಬಿಸಿಲು ಮಳೆಗೆ ಬೇಗ ಕೆಡುವುದಿಲ್ಲ, ಸಲೀಸಾಗಿ ಸೀಳುತ್ತದೆ. ಮರದ ವರ್ತಕರಿಗೆ ಇನ್ನೇನು ಬೇಕು? ಮೂಲದಲ್ಲಿ ಸುಮಾರು 20 ಲಕ್ಷ ಎಕರೆಯಷ್ಟಿದ್ದ ಹಳೆಯ ಕಾಡಿನಲ್ಲಿ ಇಂದು ಉಳಿದಿರುವುದು ಶೇಕಡಾ 5ರಷ್ಟು ಮಾತ್ರ.

ಬೆಲೆ ಕೊಟ್ಟು ಉಳಿಸಿದ ತೋಪುಗಳು

ಈಲ್ ನದಿಯ ದಡದಲ್ಲಿ ಹಳೆಯ ಹೆದ್ದಾರಿಯ ಸುಮಾರು 50 ಕಿಲೋಮೀಟರ್ ಭಾಗಕ್ಕೆ ‘ದೈತ್ಯರ ಬೀದಿ’ ಎಂಬರ್ಥದ ಹೆಸರಿದೆ. ಹೊಸ ಹೆದ್ದಾರಿ ಪಕ್ಕದಲ್ಲಿಯೇ ಇದ್ದರೂ ಈ ಹಳೆಯ ದಾರಿಯನ್ನೇ ಹಿಡಿಯಬೇಕು. ಮಧ್ಯಾಹ್ನದಲ್ಲಿಯೂ ಇಲ್ಲಿ ಮುಸ್ಸಂಜೆಯ ಬೆಳಕು. ಸಂಸ್ಥಾಪಕರ ತೋಪಿನಲ್ಲಿ ‘ಡೈಯರ್‌ವಿಲ್ ದೈತ್ಯ’ ಎಂಬ ಮರ 1991ರ ಮಾರ್ಚ್‌ನಲ್ಲಿ ಉರುಳಿಬಿದ್ದು ಇಂದಿಗೂ ಹಾಗೆಯೇ ಮಲಗಿದೆ. ಅದರ ಪಕ್ಕದಲ್ಲಿ ನಿಂತರೆ ಕಾಂಡದ ಆಚೆ ಏನಿದೆಯೆಂದು ಕಾಣುವುದಿಲ್ಲ.

ಈ ತೋಪುಗಳು ಉಳಿದ ಬಗೆ ಗಮನಾರ್ಹವಾದುದು. 1918ರಲ್ಲಿ ಸ್ಥಾಪನೆಯಾದ ‘ಸೇವ್ ದಿ ರೆಡ್‌ವುಡ್ಸ್ ಲೀಗ್’ ಎಂಬ ಸಂಘವು ಕೇವಲ ಮನವಿ ಸಲ್ಲಿಸುತ್ತ ಕೂರಲಿಲ್ಲ. ದಾನಿಗಳಿಂದ ಹಣ ಸಂಗ್ರಹಿಸಿ, ಕಂಪನಿಗಳಿಗೆ ಬೆಲೆ ತೆತ್ತು, ಕಾಡನ್ನು ಎಕರೆ ಲೆಕ್ಕದಲ್ಲಿ ಕೊಂಡಿತು. ದಾನಿಗಳು ಕೊಟ್ಟಷ್ಟೇ ಹಣವನ್ನು ಸರ್ಕಾರವೂ ಸೇರಿಸುವ ವ್ಯವಸ್ಥೆ 1928ರ ನಂತರ ಬಂದಿತು. ಎಣ್ಣೆ ಉದ್ಯಮದ ಕುಟುಂಬದ ಕಿರಿಯ ಜಾನ್ ಡಿ. ರಾಕ್‌ಫೆಲರ್ ಅವರು 20 ಲಕ್ಷ ಡಾಲರ್ ನೀಡಿದರು. ಆ ಹಣದ ನೆರವಿನಿಂದ 1931ರಲ್ಲಿ ‘ಪೆಸಿಫಿಕ್ ಲಂಬರ್’ ಕಂಪನಿಯಿಂದ ಕೊಂಡ ಕಾಡು ಇಂದು ಅವರ ಹೆಸರನ್ನೇ ಹೊತ್ತಿದೆ.

ಸ್ಕೋಷಿಯಾ: ಒಂದು ಕಂಪನಿಯ ಕಥೆ

ಆ ಪೆಸಿಫಿಕ್ ಲಂಬರ್ ಕಂಪನಿಯ ಊರೇ ಸ್ಕೋಷಿಯಾ. ದೈತ್ಯರ ಬೀದಿ ಮುಗಿದ ಕೆಲವೇ ನಿಮಿಷಗಳಲ್ಲಿ ಅದು ಸಿಗುತ್ತದೆ. ಸಾಲು ಮನೆಗಳು, ಅಂಗಡಿ, ಚಿತ್ರಮಂದಿರ ಎಲ್ಲವನ್ನೂ ಕಂಪನಿಯೇ ಕಟ್ಟಿಸಿತ್ತು. ಉದ್ಯಮಿಗಳು ಇಲ್ಲಿ ಒಂದು ಗಂಟೆ ಇಳಿದು ನಡೆದಾಡಬೇಕೆಂಬುದು ನಮ್ಮ ಸಲಹೆ.

1863ರಲ್ಲಿ ಆರಂಭವಾದ ಈ ಕಂಪನಿಯನ್ನು ಮರ್ಫಿ ಕುಟುಂಬವು ಹಲವು ತಲೆಮಾರುಗಳ ಕಾಲ ನಡೆಸಿತು. ಸುತ್ತಲಿನ ಕಂಪನಿಗಳು ಗುಡ್ಡಗಳನ್ನೇ ಬೋಳಿಸುತ್ತಿದ್ದಾಗ ಇವರು ಆಯ್ದ ಮರಗಳನ್ನಷ್ಟೇ ಕಡಿಯುವ ಪದ್ಧತಿಯನ್ನು ಅನುಸರಿಸಿದರು. ಬೆಳೆದಷ್ಟನ್ನು ಮಾತ್ರ ಕಡಿಯಬೇಕು, ಮೂಲ ಕಾಡು ಮುಂದಿನವರಿಗೆ ಉಳಿಯಬೇಕು ಎಂಬುದು ಅವರ ಲೆಕ್ಕ. ಸಾಲವಿರಲಿಲ್ಲ. ಕಾರ್ಮಿಕರ ಪಿಂಚಣಿ ನಿಧಿಯಲ್ಲಿ ಅಗತ್ಯಕ್ಕಿಂತ ಹೆಚ್ಚೇ ಹಣವಿತ್ತು. ಕೆಲಸಗಾರರ ಮಕ್ಕಳಿಗೆ ವಿದ್ಯಾರ್ಥಿವೇತನವೂ ದೊರೆಯುತ್ತಿತ್ತು.

ವಿಪರ್ಯಾಸವೆಂದರೆ ಈ ಎಚ್ಚರಿಕೆಯೇ ಕಂಪನಿಗೆ ಕುತ್ತಾಯಿತು. ಷೇರು ಪೇಟೆಯಲ್ಲಿ ಅದರ ಬೆಲೆ ಕಡಿಮೆ, ಆದರೆ ಸುಮಾರು ಎರಡು ಲಕ್ಷ ಎಕರೆಯಲ್ಲಿ ನಿಂತ ಮರದ ಬೆಲೆ ಅಪಾರ. ಮರ್ಫಿ ಕುಟುಂಬದ ಕೈಯಲ್ಲಿದ್ದ ಷೇರುಗಳೂ ಅಲ್ಪ. 1985ರಲ್ಲಿ ಟೆಕ್ಸಾಸ್‌ನ ಚಾರ್ಲ್ಸ್ ಹರ್ವಿಟ್ಜ್ ಅವರ ‘ಮ್ಯಾಕ್ಸಮ್’ ಸಂಸ್ಥೆಯು 80 ಕೋಟಿ ಡಾಲರಿಗೂ ಮಿಕ್ಕ ಬೆಲೆ ಒಡ್ಡಿ ಕಂಪನಿಯನ್ನು ವಶಪಡಿಸಿಕೊಂಡಿತು. ಅದರ ಬಹುಭಾಗ ಹೆಚ್ಚು ಬಡ್ಡಿಯ ‘ಜಂಕ್ ಬಾಂಡ್’ ಸಾಲ. ಮರ ಬೆಳೆಯುವ ವೇಗ ಬೇರೆ, ಬಡ್ಡಿ ಬೆಳೆಯುವ ವೇಗ ಬೇರೆ. ಸಾಲ ತೀರಿಸಲು ಕಡಿತದ ಪ್ರಮಾಣವನ್ನು ಎರಡು ಪಟ್ಟಿಗೂ ಹೆಚ್ಚಿಸಲಾಯಿತು. ಪಿಂಚಣಿ ನಿಧಿಯ ಹೆಚ್ಚುವರಿ ಹಣವನ್ನು ತೆಗೆದು ಉಳಿದುದನ್ನು ಒಪ್ಪಿಸಿದ ವಿಮಾ ಕಂಪನಿಯೂ 1991ರಲ್ಲಿ ಮುಳುಗಿತು.

ಆರಂಭದಲ್ಲಿ ಊರಿನಲ್ಲಿ ಹೆಚ್ಚಿನ ಪಾಳಿ, ಹೆಚ್ಚಿನ ಕೂಲಿ ಇತ್ತು. ಅದರ ಹಿಂದೆಯೇ ಮೊಕದ್ದಮೆಗಳು, ಪ್ರತಿಭಟನೆಗಳು ಬಂದವು. ಜೂಲಿಯಾ ಬಟರ್‌ಫ್ಲೈ ಹಿಲ್ ಎಂಬ ಯುವತಿ 1997ರ ಡಿಸೆಂಬರ್‌ನಿಂದ 738 ದಿನ ಒಂದು ಮರದ ಮೇಲೆಯೇ ವಾಸಿಸಿ ಅದನ್ನು ಉಳಿಸಿದರು. 1999ರಲ್ಲಿ ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಸೇರಿ 38 ಕೋಟಿ ಡಾಲರ್ ಕೊಟ್ಟು ‘ಹೆಡ್‌ವಾಟರ್ಸ್’ ಎಂಬ ಸುಮಾರು 7,500 ಎಕರೆ ಕಾಡನ್ನು ಕೊಂಡವು. ಇಷ್ಟು ಹಣ ಬಂದರೂ ಸಾಲ ತೀರಲಿಲ್ಲ. 2007ರ ಜನವರಿಯಲ್ಲಿ ಕಂಪನಿ ದಿವಾಳಿ ಅರ್ಜಿ ಸಲ್ಲಿಸಿತು. ಕೂತು ತಿನ್ನುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ನಮ್ಮ ಹಿರಿಯರ ಮಾತಿಗೆ ಇದಕ್ಕಿಂತ ದೊಡ್ಡ ಕುಡಿಕೆಯ ಉದಾಹರಣೆ ಸಿಗಲಾರದು.

2008ರಲ್ಲಿ ಕಾಡು ಮತ್ತು ಗಿರಣಿ ಹೊಸ ಒಡೆಯರ ಪಾಲಾದವು. ಇವರು ‘ಗ್ಯಾಪ್’ ಉಡುಪು ಸಂಸ್ಥೆಯನ್ನು ಸ್ಥಾಪಿಸಿದ ಫಿಷರ್ ಕುಟುಂಬದವರು. ನಮ್ಮ ಸಿದ್ಧ ಉಡುಪು ತಯಾರಕರಿಗೆ ಈ ಹೆಸರು ಅಪರಿಚಿತವಲ್ಲ. ಹಳೆಯ ಮರಗಳನ್ನು ಮುಟ್ಟದಿರುವುದು, ಆಯ್ದು ಕಡಿಯುವುದು ಹೊಸ ಕಂಪನಿಯ ನೀತಿಯಾಯಿತು. ಇಪ್ಪತ್ತೆರಡು ವರ್ಷಗಳ ಸುತ್ತು ಹಾಕಿ ವ್ಯವಹಾರವು ಮರ್ಫಿಯವರ ಲೆಕ್ಕಕ್ಕೇ ಮರಳಿತು. ಆದರೆ ನಡುವೆ ಕಳೆದುಹೋದ ಮರಗಳು ಮರಳಲಿಲ್ಲ.

ವಾಷಿಂಗ್ಟನ್‌ಗೆ ಹೋದ ಕಡಲೆಕಾಯಿ

ಇನ್ನೂ ಉತ್ತರಕ್ಕೆ ಯುರೇಕಾ ಪಟ್ಟಣ. ಮರದ ವರ್ತಕ ವಿಲಿಯಂ ಕಾರ್ಸನ್ 1880ರ ದಶಕದಲ್ಲಿ ಕಟ್ಟಿಸಿದ ಗೋಪುರಗಳ ಮಹಲನ್ನು ಇಲ್ಲಿ ಹೊರಗಿನಿಂದ ನೋಡಬಹುದು. ಅಲ್ಲಿಂದ ಸುಮಾರು 65 ಕಿಲೋಮೀಟರ್ ಮುಂದೆ ಓರಿಕ್ ಎಂಬ ಸಣ್ಣ ಊರು ಬರುತ್ತದೆ. 1968ರಲ್ಲಿ ಸ್ಥಾಪನೆಯಾದ ರೆಡ್‌ವುಡ್ ರಾಷ್ಟ್ರೀಯ ಉದ್ಯಾನವನ್ನು ವಿಸ್ತರಿಸುವ ಪ್ರಸ್ತಾಪ ಬಂದಾಗ ಇಲ್ಲಿನ ಮರಕಡಿಯುವವರು, ಲಾರಿ ಚಾಲಕರು ಕೆಲಸ ಹೋಗುವುದೆಂದು ಕಂಗಾಲಾದರು. ಅಂದಿನ ಅಧ್ಯಕ್ಷ ಜಿಮ್ಮಿ ಕಾರ್ಟರ್ ಕಡಲೆಕಾಯಿ ಬೆಳೆಗಾರರಾಗಿದ್ದರಷ್ಟೆ. ಹಾಗಾಗಿ 1977ರಲ್ಲಿ ಇವರು ರೆಡ್‌ವುಡ್ ದಿಮ್ಮಿಯಲ್ಲಿ ಭಾರೀ ಕಡಲೆಕಾಯಿಯೊಂದನ್ನು ಕೆತ್ತಿ, ಲಾರಿಯ ಮೇಲೆ ಹೇರಿಕೊಂಡು ಖಂಡವನ್ನೇ ದಾಟಿ ವಾಷಿಂಗ್ಟನ್‌ಗೆ ಒಯ್ದರು. ಶ್ವೇತಭವನ ಅದನ್ನು ಸ್ವೀಕರಿಸಲಿಲ್ಲ. ಕಡಲೆಕಾಯಿ ಮರಳಿ ಬಂದು ಓರಿಕ್‌ನ ರಸ್ತೆ ಬದಿಯಲ್ಲಿ ವರ್ಷಗಟ್ಟಲೆ ಬಿದ್ದಿತ್ತು. 1978ರಲ್ಲಿ ಉದ್ಯಾನ ವಿಸ್ತಾರಗೊಂಡಿತು.

ಅವರ ದುಃಖವನ್ನು ಹಗುರವಾಗಿ ಕಾಣುವಂತಿಲ್ಲ. ಮರ ಕಡಿದವನಿಗೆ ಮರ ನೋಡಲು ಬರುವವರಿಂದ ಅಷ್ಟೇ ಸಂಬಳ ಕೂಡಲೇ ಹುಟ್ಟುವುದಿಲ್ಲ. ಪ್ರವಾಸೋದ್ಯಮದ ವಸತಿಗೃಹ, ಹೋಟೆಲುಗಳು ಬಂದರೂ ಗಿರಣಿಯ ಊರುಗಳೆಲ್ಲ ಹಳೆಯ ಸ್ಥಿತಿಗೆ ಬರಲಿಲ್ಲ. ಪ್ರವಾಸಿಗರಿಂದಲೂ ಹಾನಿ ಇಲ್ಲವೆಂದಲ್ಲ. ಹೈಪೀರಿಯನ್ ಮರವನ್ನು ಹುಡುಕಿ ಹೋದವರ ಕಾಲ್ತುಳಿತದಿಂದ ಅದರ ಬುಡದ ನೆಲವೇ ಹಾಳಾದ ಕಾರಣ 2022ರಲ್ಲಿ ಅಲ್ಲಿಗೆ ಪ್ರವೇಶ ನಿಷೇಧಿಸಲಾಯಿತು. ಮೀರಿದವರಿಗೆ 5,000 ಡಾಲರ್ ದಂಡ, ಆರು ತಿಂಗಳ ಸೆರೆವಾಸದವರೆಗೂ ಶಿಕ್ಷೆ.

ಕಡಲಂಚಿನ ಹಾದಿ

ಹಿಂತಿರುಗುವಾಗ ಲೆಗೆಟ್‌ನಲ್ಲಿ ಬಲಕ್ಕೆ ಹೊರಳಿದರೆ 1ನೆಯ ಹೆದ್ದಾರಿ. ಗುಡ್ಡ ಹತ್ತಿಳಿಯುವ ನೂರಾರು ತಿರುವುಗಳ ಬಳಿಕ ಮರಗಳ ಗೋಡೆ ಒಮ್ಮೆಲೇ ಸರಿದು ಕಡಲು ಕಾಣಿಸುತ್ತದೆ. ಕಾಣಿಸುತ್ತದೆ ಎನ್ನುವುದಕ್ಕಿಂತ ಕೇಳಿಸುತ್ತದೆ ಎನ್ನುವುದು ಸರಿ. ಬೇಸಿಗೆಯ ಬೆಳಗಿನಲ್ಲಿ ಬಂಡೆಗಳ ಆಚೆ ಬಿಳಿಯ ಮಂಜು ಬಿಟ್ಟು ಬೇರೇನೂ ಇರುವುದಿಲ್ಲ.

ಹಿಂದೆ ಈ ತೀರದ ಇಕ್ಕಟ್ಟಾದ ಕೊಲ್ಲಿಗಳಿಗೆ ಸಣ್ಣ ಹಾಯಿಹಡಗುಗಳು ನುಸುಳಿ ಬರುತ್ತಿದ್ದವು. ಕಡಿದಾದ ದಂಡೆಯ ಮೇಲಿನಿಂದ ಜಾರುಹಲಗೆ ಮತ್ತು ತಂತಿಗಳ ಮೂಲಕ ಹಲಗೆಗಳನ್ನು ಹಡಗಿಗೆ ಇಳಿಸುತ್ತಿದ್ದರು. 1906ರ ಭೂಕಂಪದ ನಂತರ ಸ್ಯಾನ್ ಫ್ರಾನ್ಸಿಸ್ಕೋ ಮರಳಿ ಏಳಲು ಈ ತೀರದ ಮರ ನೆರವಾಯಿತು. ಮಂಜಿನಲ್ಲಿ ದಾರಿ ತಪ್ಪಿ ಬಂಡೆಗೆ ಬಡಿದ ಹಡಗುಗಳೂ ಅನೇಕ. ಅದೇ ಭೂಕಂಪಕ್ಕೆ ಬಿರುಕುಬಿಟ್ಟ ಪಾಯಿಂಟ್ ಅರೀನಾ ದೀಪಸ್ತಂಭವನ್ನು ಮತ್ತೆ ಕಟ್ಟುವ ಗುತ್ತಿಗೆ ದೊರೆತದ್ದು ಕಾರ್ಖಾನೆಗಳ ಹೊಗೆ ಕೊಳವೆ ಕಟ್ಟುವ ಸಂಸ್ಥೆಗೆ. 1908ರಲ್ಲಿ ಅವರು ಕಬ್ಬಿಣ ಮತ್ತು ಕಾಂಕ್ರೀಟಿನಲ್ಲಿ ಎತ್ತಿದ 115 ಅಡಿಯ ಸ್ತಂಭ ಇಂದಿಗೂ ನಿಂತಿದೆ.

ಅದಕ್ಕೂ ಮೊದಲು ಸಿಗುವ ಫೋರ್ಟ್ ಬ್ರ್ಯಾಗ್‌ನಲ್ಲಿ ಶತಮಾನಕ್ಕೂ ಹೆಚ್ಚು ಕಾಲ ನಡೆದ ಗಿರಣಿ 2002ರಲ್ಲಿ ಮುಚ್ಚಿತು. ಊರಿಗೂ ಕಡಲಿಗೂ ನಡುವೆ ಅಡ್ಡವಾಗಿದ್ದ ಆ ಜಾಗದ ಅಂಚಿನಲ್ಲಿ ಈಗ ಕಾಲುದಾರಿಯಿದೆ. ಒಂದು ಕಾಲದಲ್ಲಿ ಊರಿನ ಕಸ ಸುರಿಯುತ್ತಿದ್ದ ತೀರದಲ್ಲಿ ಒಡೆದ ಗಾಜಿನ ಚೂರುಗಳು ಅಲೆಗಳಿಂದ ನುಣುಪಾಗಿ ಹರಳುಗಳಂತೆ ಹೊಳೆಯುತ್ತವೆ. ದಿಮ್ಮಿ ಸಾಗಿಸಲು 1885ರಲ್ಲಿ ಆರಂಭವಾದ ರೈಲು ಮಾರ್ಗದಲ್ಲಿ ಈಗ ಪ್ರವಾಸಿಗರ ಸವಾರಿ.

ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರವಾಗುತ್ತಿದ್ದಂತೆ ಸಿಗುವ ಫೋರ್ಟ್ ರಾಸ್ ತಪ್ಪದೆ ನೋಡಬೇಕಾದ ಸ್ಥಳ. 1812ರಲ್ಲಿ ರಷ್ಯನ್-ಅಮೆರಿಕನ್ ಕಂಪನಿಯು ಇಲ್ಲಿ ರೆಡ್‌ವುಡ್ ತೊಲೆಗಳ ಕೋಟೆ ಕಟ್ಟಿತು. ಬೆಲೆಬಾಳುವ ತುಪ್ಪಳದ ಕಡಲ ನೀರುನಾಯಿಯೇ ಅದರ ಮುಖ್ಯ ಸರಕು. ಮರಿಗಳಿಗೂ ಉಳಿವಿಲ್ಲದಂತೆ ಬೇಟೆ ನಡೆದು ಕೆಲವೇ ವರ್ಷಗಳಲ್ಲಿ ಪ್ರಾಣಿಯೇ ಅಪರೂಪವಾಯಿತು. 1841ರಲ್ಲಿ ಕಂಪನಿ ಕೋಟೆಯ ಆಸ್ತಿಯನ್ನು ಜಾನ್ ಸಟರ್ ಎಂಬವರಿಗೆ ಮಾರಿ ಹೊರಟುಹೋಯಿತು. ಸ್ಕೋಷಿಯಾದ ಲೆಕ್ಕವನ್ನು ನೂರೈವತ್ತು ವರ್ಷ ಮೊದಲೇ ಇಲ್ಲಿ ಬರೆದಿಟ್ಟಂತಿದೆ: ಲಾಭವೆಂದು ಜಮಾ ಮಾಡಿಕೊಂಡದ್ದು ಅಸಲಿನ ಹಣವಾಗಿತ್ತು.

ಪ್ರವಾಸಿಗರಿಗೆ ಕೆಲವು ಸೂಚನೆಗಳು

ಅಮೆರಿಕದಲ್ಲಿ ವಾಹನ ರಸ್ತೆಯ ಬಲಬದಿಯಲ್ಲಿ ಚಲಿಸುತ್ತದೆ. ರೂಢಿ ಇಲ್ಲದವರು 1ನೆಯ ಹೆದ್ದಾರಿಯಲ್ಲಿ ಸ್ಟಿಯರಿಂಗನ್ನು ಮಕ್ಕಳ ಕೈಗೇ ಬಿಡುವುದು ಲೇಸು. ಮಂಜಿನಲ್ಲಿ ದೀಪವನ್ನು ತಗ್ಗಿಸಿಯೇ ಓಡಿಸಬೇಕು, ಎತ್ತರಿಸಿದರೆ ಬೆಳಕು ಮಂಜಿಗೆ ಬಡಿದು ಕಣ್ಣಿಗೇ ಹೊಡೆಯುತ್ತದೆ. ಹಿಂದೆ ಐದು ವಾಹನಗಳು ಸೇರಿದರೆ ಬದಿಯ ತಂಗುಜಾಗಕ್ಕೆ ಸರಿದು ದಾರಿ ಬಿಡುವುದು ಅಲ್ಲಿನ ಕಾನೂನು. ಜುಲೈ, ಆಗಸ್ಟ್ ತಿಂಗಳಿನಲ್ಲಿಯೂ ಸ್ವೆಟರ್ ಬೇಕು. ಕಾಡಿನ ನಡುವೆ ಮೊಬೈಲ್ ಸಂಪರ್ಕ ಸಿಗದ ಕಡೆಗಳು ಹಲವು, ಪೆಟ್ರೋಲ್ ಬಂಕ್‌ಗಳೂ ದೂರ ದೂರ. ಸಸ್ಯಾಹಾರಿಗಳು ಅವಲಕ್ಕಿ, ಚಟ್ನಿಪುಡಿ ಜೊತೆಗಿರಿಸಿಕೊಂಡರೆ ಚಿಂತೆಯಿಲ್ಲ. ಸ್ಕೋಷಿಯಾವನ್ನು ಹಗಲಿನಲ್ಲಿ ನೋಡುವಂತೆ ಮೊದಲ ದಿನ ನಸುಕಿನಲ್ಲಿಯೇ ಹೊರಡಿರಿ.