ಒಂದಂಗುಲದ ವೀರರು

ನವರಾತ್ರಿಯು ಸಮೀಪಿಸಿತೆಂದರೆ ನಮ್ಮ ಪ್ರಾಂತದ ಮನೆಗಳಲ್ಲಿ ಅಟ್ಟದ ಮೇಲಿನ ಪೆಟ್ಟಿಗೆಗಳು ಕೆಳಗಿಳಿಯುವುವು. ಹಳೆಯ ಪಂಚೆಯ ತುಂಡುಗಳಲ್ಲಿ ಸುತ್ತಿಟ್ಟ ಪಟ್ಟದ ಬೊಂಬೆಗಳು, ಶೆಟ್ಟಿ ದಂಪತಿಗಳ ಅಂಗಡಿ, ಆನೆ ಕುದುರೆಗಳ ಮೆರವಣಿಗೆ, ಇವೆಲ್ಲವೂ ವರ್ಷಕ್ಕೊಮ್ಮೆ ಬೆಳಕನ್ನು ಕಾಣುವುವು. ರಾಮನಗರದ ನಮ್ಮ ಮನೆಯ ಪೆಟ್ಟಿಗೆಯಲ್ಲಿ ಇವುಗಳೊಡನೆ ಒಂದು ಪುಟ್ಟ ದಂಡೂ ಇದ್ದಿತು. ಚನ್ನಪಟ್ಟಣದಲ್ಲಿ ಕಡೆದ ಮೂವತ್ತೆರಡು ಮರದ ಆಳುಗಳು. ಎತ್ತರ ಹೆಬ್ಬೆರಳಿಗಿಂತ ಕಡಮೆ. ಅರ್ಧ ಮಂದಿ ಕೆಂಪು, ಅರ್ಧ ಮಂದಿ ಹಸುರು. ನಮ್ಮ ತಾತನವರು ಬಿಡುವಿನ ವೇಳೆಯಲ್ಲಿ ಒಬ್ಬೊಬ್ಬನ ಎದೆಯ ಮೇಲೂ ಸಣ್ಣ ಕುಂಚದಿಂದ ಒಂದೊಂದು ಗುರುತನ್ನು ಬರೆದಿದ್ದರು. ಒಬ್ಬನಿಗೆ ಮೀನು, ಒಬ್ಬನಿಗೆ ಚಂದ್ರ, ಮತ್ತೊಬ್ಬನಿಗೆ ಹಕ್ಕಿ. ಬಾಲ್ಯದಲ್ಲಿ ನಾವು ಅವುಗಳನ್ನು ಜಗಲಿಯ ಮೇಲೆ ಸಾಲಾಗಿ ನಿಲ್ಲಿಸಿ ಗೋಲಿಗಳಿಂದ ಹೊಡೆದು ಯುದ್ಧವಾಡುತ್ತಿದ್ದೆವು.

ಈ ದಂಡು ನನ್ನ ಕೈಯಿಂದಲೇ ಹಾಳಾಯಿತೆಂಬುದನ್ನು ವಾಚಕರಲ್ಲಿ ಮೊದಲೇ ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ, ದೀಪದ ಹೊಗೆಯೂ ಎಣ್ಣೆಯ ಜಿಡ್ಡೂ ಕೂತು ಬೊಂಬೆಗಳು ಮಂಕಾಗಿರುವುದನ್ನು ಕಂಡು, ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒರಸಿದರೆ ಥಳಥಳಿಸುವುವೆಂದು ಭಾವಿಸಿದೆನು. ಜಿಡ್ಡು ಹೋಯಿತು, ಅದರೊಡನೆ ಬಣ್ಣವೂ ಕರಗಿ ಬಟ್ಟೆಗೆ ಬಂದಿತು. ನಾನು ಎಚ್ಚೆತ್ತುಕೊಳ್ಳುವ ವೇಳೆಗೆ ಹದಿನೆಂಟು ಮಂದಿಯ ಗುರುತುಗಳು ಅಳಿಸಿಹೋಗಿದ್ದುವು. ಅಂದು ಎಂಟು ವರ್ಷದವಳಾಗಿದ್ದ ನನ್ನ ತಂಗಿಯ ಮಗಳು ಆ ಬೋಳು ಆಳುಗಳನ್ನು ಕೈಯಲ್ಲಿ ಹಿಡಿದು, "ಮಾವ, ಇವರೆಲ್ಲಾ ಯಾರು?" ಎಂದು ಕೇಳಿದಳು. ನನಗೆ ಉತ್ತರ ತಿಳಿಯದು. ಹೇಳಬಲ್ಲವರು ತೀರಿಕೊಂಡು ಎಷ್ಟೋ ಕಾಲವಾಗಿದ್ದಿತು.

ಈ ನಷ್ಟದ ಕಾರಣವನ್ನು ಅರಿಯಬೇಕಾದರೆ ಚನ್ನಪಟ್ಟಣದ ಬೊಂಬೆಗಳ ರಚನೆಯನ್ನು ಅರಿಯಬೇಕು. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್ ದೂರದಲ್ಲಿ ಮೈಸೂರಿನ ಹೆದ್ದಾರಿಯ ಮೇಲಿರುವ ಈ ಊರಿನಲ್ಲಿ ಈ ಕಸುಬು ಟಿಪ್ಪು ಸುಲ್ತಾನನ ಆಶ್ರಯದಿಂದ ಬೆಳೆಯಿತೆಂದು ಪ್ರತೀತಿಯುಂಟು. 2005-06ನೆಯ ಸಾಲಿನಲ್ಲಿ ಇಲ್ಲಿಯ ಬೊಂಬೆಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಇದಕ್ಕೆ ಮುಖ್ಯವಾಗಿ ಬಳಸುವುದು ಆಲೆಮರ; ಇದು ಆಲದ ಮರವಲ್ಲ, ಬಿಳುಪಾದ ನುಣುಪು ಮೈಯ ಬೇರೊಂದು ಮರ. ಒಣಗಿಸಿದ ಮರದ ತುಂಡನ್ನು ಲೇತ್ ಯಂತ್ರಕ್ಕೆ ಸಿಕ್ಕಿಸಿ ತಿರುಗಿಸುತ್ತ ಉಳಿಯಿಂದ ರೂಪ ಕೊಡುವರು. ಅನಂತರ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೆ ಒತ್ತಿ ಹಿಡಿಯುವರು. ಉಜ್ಜಾಟದ ಬಿಸಿಯಿಂದ ಅರಗು ಕರಗಿ ಮರವನ್ನು ಆವರಿಸುವುದು. ಕಡೆಗೆ ಒಣಗಿದ ತಾಳೆಗರಿಯನ್ನು ಒತ್ತಿ ಹಿಡಿದರೆ ಕನ್ನಡಿಯಂತಹ ಹೊಳಪು ಬರುವುದು. ಅರಗು ನೀರಿಗೆ ಕರಗುವುದಿಲ್ಲ, ಸ್ಪಿರಿಟ್ಟಿಗೆ ಕರಗುವುದು. ನಾನು ಗುರುತುಗಳನ್ನು ಒರಸಲಿಲ್ಲ, ಅವು ನಿಂತಿದ್ದ ನೆಲವನ್ನೇ ಕರಗಿಸಿಬಿಟ್ಟೆನು. ಒಣಗಿದ ಮೆತ್ತನೆಯ ಬಟ್ಟೆಯೇ ಸಾಕಾಗಿದ್ದಿತು.

ಈ ಕಸುಬಿನ ಇನ್ನೊಂದು ಲಕ್ಷಣವೂ ಗಮನಾರ್ಹವಾದುದು. ತಿರುಗುವ ಯಂತ್ರದಿಂದ ದುಂಡನೆಯ ರೂಪ ಮಾತ್ರ ಬರುವುದು. ಕುದುರೆಯನ್ನು ಮಾಡಬೇಕಾದರೆ ಹೊಟ್ಟೆ, ಕತ್ತು, ಕಾಲುಗಳನ್ನು ಬೇರೆ ಬೇರೆ ಕಡೆದು ಕೂಡಿಸಬೇಕು. ಕಾಲಾಳಾದರೋ ಒಂದೇ ತುಂಡಿನಲ್ಲಿ ಮುಗಿಯುವನು: ಮೇಲೆ ಉಂಡೆಯಂತಹ ತಲೆ, ಕೆಳಗೆ ಗಂಟೆಯಂತಹ ಮೈ. ಆದುದರಿಂದ ನೂರು ಆಳುಗಳನ್ನು ಕಡೆದರೂ ನೂರು ಮಂದಿಯೂ ಒಂದೇ ಅಚ್ಚು. ಇವನು ಯಾರ ಕಡೆಯವನೆಂಬುದನ್ನು ಬಣ್ಣ ಹೇಳಬೇಕು. ಇವನು ಯಾರೆಂಬುದನ್ನು ಕುಂಚ ಬರೆದ ಗುರುತು ಹೇಳಬೇಕು.

ನಿಜವಾದ ರಣರಂಗದಲ್ಲಿಯೂ ಇದೇ ತೊಡಕು ಇದ್ದಿತು. ಯೂರೋಪ್ ಖಂಡದಲ್ಲಿ 12ನೆಯ ಶತಮಾನದ ಕಾಲಕ್ಕೆ ಸರದಾರರು ಕಬ್ಬಿಣದ ಬಲೆಯಂಗಿಯನ್ನೂ ಮುಖವನ್ನು ಮರೆಮಾಡುವ ಶಿರಸ್ತ್ರಾಣವನ್ನೂ ತೊಟ್ಟು ಕುದುರೆಯೇರುತ್ತಿದ್ದರು. ಮುಖ ಕಾಣದಿದ್ದರೆ ಮಿತ್ರನಾರು, ಶತ್ರುವಾರು? ಆದಕಾರಣ ಒಬ್ಬೊಬ್ಬನೂ ತನ್ನ ಗುರಾಣಿಯ ಮೇಲೆ ಸಿಂಹ, ಹದ್ದು, ಪಟ್ಟೆ ಮೊದಲಾದ ಲಾಂಛನವನ್ನು ಬರೆಸಿಕೊಂಡನು. ಅದು ತಂದೆಯಿಂದ ಮಗನಿಗೆ ಇಳಿದು ಬಂದಿತು. ಇವುಗಳನ್ನು ಗುರುತಿಸಿ ಹೇಳುವುದೇ ಕೆಲಸವಾದ ಅಧಿಕಾರಿಗಳೂ ಉಂಟಾದರು. ಅವರು ನಡೆಸಿಕೊಂಡು ಬಂದ ಒಂದು ನಿಯಮವು ಬಹಳ ಸ್ವಾರಸ್ಯವಾದುದು. ಚಿನ್ನದ ಹಳದಿಯೂ ಬೆಳ್ಳಿಯ ಬಿಳುಪೂ ಲೋಹಗಳೆಂದೂ, ಕೆಂಪು, ನೀಲಿ, ಕಪ್ಪು, ಹಸುರು, ನೇರಿಳೆಗಳು ವರ್ಣಗಳೆಂದೂ ಎರಡು ಪಂಗಡ. ಲೋಹದ ಮೇಲೆ ಲೋಹವನ್ನಾಗಲಿ ವರ್ಣದ ಮೇಲೆ ವರ್ಣವನ್ನಾಗಲಿ ಬರೆಯತಕ್ಕದ್ದಲ್ಲ. ಯಾತಕ್ಕೆಂದರೆ ನೀಲಿಯ ಮೇಲಿನ ಕಪ್ಪು ಸಿಂಹವು ದೂರಕ್ಕೆ ಕಾಣದು. ನೀಲಿಯ ಮೇಲಿನ ಹೊಂಬಣ್ಣದ ಸಿಂಹವು ಧೂಳಿನ ನಡುವೆಯೂ ಕಾಣುವುದು.

ಇದು ಪಶ್ಚಿಮದವರ ಸೊತ್ತು ಮಾತ್ರವೇ ಎಂದು ತಿಳಿಯಬೇಕಾದುದಿಲ್ಲ. ಮಹಾಭಾರತದ ವೀರರನ್ನು ಅವರವರ ಧ್ವಜಗಳಿಂದಲೇ ಗುರುತಿಸುವ ಪದ್ಧತಿ ನಮಗೆಲ್ಲಾ ಪರಿಚಿತವಾದುದು. ಅರ್ಜುನನು ಕಪಿಧ್ವಜ, ಭೀಷ್ಮನದು ತಾಳೆಯ ಮರ, ದುರ್ಯೋಧನನನ್ನು ನಮ್ಮ ಕನ್ನಡ ಕವಿಗಳು ಸರ್ಪಧ್ವಜನೆಂದು ಕರೆದರು. ದ್ರೋಣಪರ್ವದಲ್ಲಿ ಧರ್ಮರಾಯನಿಗೆ ಗ್ರಹಗಳೊಡಗೂಡಿದ ಹೊಂಬಣ್ಣದ ಚಂದ್ರನೂ, ಭೀಮನಿಗೆ ಬೆಳ್ಳಿಯ ಸಿಂಹವೂ, ಸಹದೇವನಿಗೆ ಬೆಳ್ಳಿಯ ಹಂಸವೂ, ಘಟೋತ್ಕಚನಿಗೆ ಹದ್ದೂ ಹೇಳಲ್ಪಟ್ಟಿವೆ. ಕರ್ನಾಟಕದ ಅರಸುಮನೆತನಗಳಲ್ಲಿ ಚಾಲುಕ್ಯರಿಗೂ ವಿಜಯನಗರದವರಿಗೂ ವರಾಹ, ರಾಷ್ಟ್ರಕೂಟರಿಗೆ ಗರುಡ, ಗಂಗರಿಗೆ ಆನೆ ಲಾಂಛನಗಳಾಗಿದ್ದುವು. ಮೈಸೂರಿನ ಒಡೆಯರದು ಗಂಡಭೇರುಂಡ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ 1047ರಲ್ಲಿ ನಿಲ್ಲಿಸಿದ ಕಂಬದ ಮೇಲೆ ಈ ಪಕ್ಷಿಯು ಮನುಷ್ಯದೇಹವನ್ನು ತಾಳಿ ನಿಂತಿರುವುದನ್ನು ಈಗಲೂ ಕಾಣಬಹುದು. ಟಿಪ್ಪುವಿನ ಸೈನಿಕರ ಉಡುಪಿನ ಮೇಲಿನ ಹುಲಿಪಟ್ಟೆಯೂ ಇದೇ ಜಾತಿಯದು. 1791ರ ಡಿಸೆಂಬರ್ 21ರಂದು ಮಾಗಡಿಯ ಬಳಿಯ ಸಾವನದುರ್ಗವನ್ನು ಕಾರ್ನ್‌ವಾಲಿಸನ ಸೈನ್ಯವು ಹಿಡಿದುದು ಆ ಪಟ್ಟೆಯವರ ಕೈಯಿಂದಲೇ.

ಪುಟ್ಟ ಆಳುಗಳಿಂದ ಯುದ್ಧವಾಡುವುದು ಮಕ್ಕಳಾಟವೆಂದು ನಗುವವರುಂಟು. ಅಂತಹವರು ಚದುರಂಗವನ್ನು ನೆನೆಯಬೇಕು. ಆನೆ, ಕುದುರೆ, ರಥ, ಕಾಲಾಳು ಎಂಬ ಸೈನ್ಯದ ನಾಲ್ಕು ಅಂಗಗಳೇ ಅದರ ಹೆಸರಿನ ಮೂಲ. ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ಚದುರಂಗದ ಸಮಸ್ಯೆಗಳನ್ನು ರಚಿಸಿದುದಲ್ಲದೆ, ಕುದುರೆಯೊಂದು ಅರವತ್ತನಾಲ್ಕು ಮನೆಗಳನ್ನೂ ಒಂದೊಂದೇ ಸಲ ಮೆಟ್ಟಿ ಬರುವ ಬಂಧಗಳನ್ನು ಕಟ್ಟುವುದರಲ್ಲಿಯೂ ಪ್ರಸಿದ್ಧರಾಗಿದ್ದರು. ಭಾರತದಿಂದ ಪಾರಸಿಕ ದೇಶದ ಮಾರ್ಗವಾಗಿ ಯೂರೋಪಿಗೆ ಹೋದ ಈ ಆಟವನ್ನೇ ಹಿಗ್ಗಿಸಿ, 1780ರಲ್ಲಿ ಜರ್ಮನಿಯ ಬ್ರನ್ಸ್‌ವಿಕ್ ಆಸ್ಥಾನದ ಹೆಲ್ವಿಗ್ ಎಂಬ ಉಪಾಧ್ಯಾಯನು ಬೆಟ್ಟ, ನದಿ, ಫಿರಂಗಿಗಳಿರುವ ಯುದ್ಧದ ಆಟವೊಂದನ್ನು ರಚಿಸಿದನು. 1824ರಲ್ಲಿ ಪ್ರಷ್ಯದ ಸೇನಾಧಿಕಾರಿಗಳು ಅಂತಹ ಆಟವನ್ನೇ ಶಿಕ್ಷಣಕ್ಕಾಗಿ ಸ್ವೀಕರಿಸಿದರು. 1913ರಲ್ಲಿ ಆಂಗ್ಲ ಲೇಖಕರಾದ ಹೆಚ್. ಜಿ. ವೆಲ್ಸರು ಮನೆಯ ನೆಲದ ಮೇಲೆ ತವರದ ಸಿಪಾಯಿಗಳಿಂದ ಆಡುವ ಕ್ರಮವನ್ನು ಪುಸ್ತಕವಾಗಿ ಬರೆದರು. ಇಂದು ಅನೇಕ ದೇಶಗಳಲ್ಲಿ ದೊಡ್ಡವರೇ ಮಧ್ಯಯುಗದ ಸರದಾರರ ಪುಟ್ಟ ಪ್ರತಿಮೆಗಳಿಗೆ ಲಾಂಛನ ಬರೆದು ಮೇಜಿನ ಮೇಲೆ ಆಡುವರು. ಇವುಗಳಲ್ಲಿ ಬಳಕೆಯಲ್ಲಿರುವ ಒಂದು ಅಳತೆ 72ರಲ್ಲಿ ಒಂದು ಪಾಲು. ಎಂದರೆ ಆರಡಿಯ ಮನುಷ್ಯನು ಸರಿಯಾಗಿ ಒಂದಂಗುಲ.

ಅಳಿದುಹೋದ ಹದಿನೆಂಟು ಮಂದಿಗೆ ಮರಳಿ ಗುರುತು ಕೊಡಬೇಕೆಂದು ನಾನೂ ನನ್ನ ಸೊಸೆಯೂ ನಿಶ್ಚಯಿಸಿದೆವು. ತಾತನವರು ಏನು ಬರೆದಿದ್ದರೆಂದು ಊಹಿಸಿ ಬರೆಯುವುದು ಸುಳ್ಳು ಹೇಳಿದಂತಾಗುವುದೆಂದು ತೋರಿ, ಭಾರತದ ಧ್ವಜಗಳನ್ನೇ ಆರಿಸಿಕೊಂಡೆವು. ಆ ಕೆಲಸದಲ್ಲಿ ಕಲಿತುದನ್ನು ಇತರ ಮನೆಗಳವರ ಉಪಯೋಗಕ್ಕಾಗಿ ಹೇಳುವೆನು.

ಮೊದಲನೆಯದಾಗಿ, ಹೊಸದಾಗಿ ಮಾಡುವವರು ಅರಗು ಹಾಕದ ಬರಿಯ ಮರದ ಆಳುಗಳನ್ನು ಕುಶಲಿಗರಲ್ಲಿ ಕೇಳಿ ಕೊಳ್ಳುವುದು ಸುಲಭ. ಅರಗಿನ ಮೈಯಾದರೆ ಗುರುತು ಬರೆಯುವಷ್ಟು ಸ್ಥಳವನ್ನು ಮಾತ್ರ ನುಣುಪಾದ ಉಪ್ಪುಕಾಗದದಿಂದ ಮೃದುವಾಗಿ ಉಜ್ಜಬೇಕು. ಇಲ್ಲದಿದ್ದರೆ ಬಣ್ಣ ಹಿಡಿಯದು. ನೀರಿನಲ್ಲಿ ಬೆರೆಯುವ ಆಕ್ರಿಲಿಕ್ ಬಣ್ಣವೇ ಯೋಗ್ಯವಾದುದು. ದಪ್ಪನಾಗಿ ಒಂದು ಸಲ ಹಚ್ಚುವುದಕ್ಕಿಂತ ತೆಳುವಾಗಿ ಎರಡು ಸಲ ಹಚ್ಚುವುದು ಲೇಸು. ಮೊದಲನೆಯದು ಪೂರ್ತಿ ಒಣಗುವ ಮುನ್ನ ಎರಡನೆಯದಕ್ಕೆ ಕೈಯಿಡಬಾರದು. ಕಡೆಯಲ್ಲಿ ಹಚ್ಚುವ ವಾರ್ನಿಷೂ ನೀರಿನ ಜಾತಿಯದೇ ಆಗಿರಬೇಕು. ಸ್ಪಿರಿಟ್ಟಿನ ವಾರ್ನಿಷು ನನ್ನ ಕೈಯ ಬಟ್ಟೆ ಮಾಡಿದ ಕೆಲಸವನ್ನೇ ಮಾಡುವುದು.

ಎರಡನೆಯದಾಗಿ, ಒಂದಂಗುಲದ ಆಳನ್ನು ಕಣ್ಣಿನ ಬಳಿ ಹಿಡಿದು ಬರೆಯುವೆವಾದರೂ ನೋಡುವುದು ಒಂದು ಮೊಳದ ದೂರದಿಂದ. ಆದುದರಿಂದ ರಣರಂಗದ ನಿಯಮವೇ ಇಲ್ಲಿಯೂ ಸಲ್ಲುವುದು: ಕಡುಬಣ್ಣದ ಮೇಲೆ ತಿಳಿ, ತಿಳಿಯ ಮೇಲೆ ಕಡು. ನನ್ನ ಸೊಸೆ ಮೊದಲು ಭೀಷ್ಮನಿಗೆ ಹಸುರು ಮೈಯ ಮೇಲೆ ಹಸುರು ತಾಳೆಯನ್ನು, ಗರಿಗಳನ್ನೆಲ್ಲಾ ಎಣಿಸಿ, ಬಲು ಶ್ರಮದಿಂದ ಬರೆದಳು. ಮೆಟ್ಟಿಲಿನ ಮೇಲೆ ಇಟ್ಟೊಡನೆ ಅದು ಮಾಯವಾಯಿತು. ಮರುದಿನ ಎದೆಯ ಮೇಲೆ ನೀಲಿಯನ್ನು ತುಂಬಿ, ಒಂದು ಹಳದಿಯ ಗೆರೆಯನ್ನೂ ತುದಿಯಲ್ಲಿ ಐದು ಸಣ್ಣ ಗೀಟುಗಳನ್ನೂ ಎಳೆದಳು. ಕೋಣೆಯ ಬಾಗಿಲಿನಿಂದಲೇ ಅದು ತಾಳೆಯೆಂದು ತಿಳಿಯುತ್ತಿದ್ದಿತು. ಹಾವಿಗೆ ಒಂದು ಬಳುಕು ಗೆರೆ ಸಾಕು. ಹುಲಿಪಟ್ಟೆಗೆ ಮೂರು ಗೀಟು ಸಾಕು. ಗಂಡಭೇರುಂಡಕ್ಕೆ ಎರಡು ಕೊಕ್ಕುಗಳು ಕಂಡರೆ ಗರಿಗಳನ್ನು ನೋಡುವ ಕಣ್ಣೇ ಊಹಿಸಿಕೊಳ್ಳುವುದು. ಇಷ್ಟು ಸಣ್ಣ ಮುಖಕ್ಕೆ ಕಣ್ಣುಗುಡ್ಡೆಗಳನ್ನು ಬರೆಯಹೋದರೆ ಬೆಚ್ಚಿದ ಮುಖವಾಗುವುದು. ಹುಬ್ಬಿನ ಕೆಳಗೆ ಒಂದು ಮಸುಕಾದ ನೆರಳಿದ್ದರೆ ಸಾಕು.

ಮೂರನೆಯದು ಗೃಹಸ್ಥರು ಮರೆಯದಿರಬೇಕಾದ ವಿಷಯ. ಪಶ್ಚಿಮದ ಹಳೆಯ ಲೋಹದ ಸಿಪಾಯಿಗಳಲ್ಲಿ ಸೀಸವು ಬೆರೆತಿರುವುದುಂಟು. ಹಳೆಯ ಎಣ್ಣೆಬಣ್ಣಗಳಲ್ಲಿಯೂ ಉಂಟು. ಸೀಸವು ಮಕ್ಕಳ ಬುದ್ಧಿಯ ಬೆಳವಣಿಗೆಗೆ ವಿಷಪ್ರಾಯವಾದುದು. ಅಂತಹವುಗಳನ್ನು ಎಳೆಯ ಮಕ್ಕಳ ಕೈಗೆ ಕೊಡಬಾರದು. ಚನ್ನಪಟ್ಟಣದಲ್ಲಿ ಅರಿಸಿನ, ನೀಲಿ ಮೊದಲಾದ ಸಸ್ಯದ ಬಣ್ಣಗಳನ್ನು ಅರಗಿಗೆ ಬೆರೆಸಿ ಮಾಡುವ ಬೊಂಬೆಗಳು ದೊರೆಯುವುವು. ಬಾಯಿಗೆ ಹಾಕಿಕೊಳ್ಳುವ ಮಗುವಿರುವ ಮನೆಯವರು ಅವುಗಳನ್ನೇ ಕೇಳಿ ತರಬೇಕು, ಅವುಗಳ ಮೇಲೆ ಕುಂಚವಾಡಿಸಬಾರದು. ಕುಂಚದ ಮೊನೆಯನ್ನು ತುಟಿಯಿಂದ ಚೂಪು ಮಾಡುವ ಅಭ್ಯಾಸವನ್ನು ದೊಡ್ಡವರೂ ಬಿಡಬೇಕು.

ನಮ್ಮ ಕೆಲಸವು ಮುಗಿಯುವುದಕ್ಕೆ ಎರಡು ತಿಂಗಳ ಭಾನುವಾರಗಳು ಹಿಡಿದುವು. ಧ್ವಜ ತಿಳಿದ ವೀರರು ಮುಗಿದ ಮೇಲೂ ಕೆಲವರು ಉಳಿದರು. ಅವರಿಗೆ ನನ್ನ ಸೊಸೆ ನಮ್ಮ ಸೀಮೆಯ ಗುರುತುಗಳನ್ನೇ ಕೊಟ್ಟಳು. ರಾಮನಗರದವನಿಗೆ ರೇಷ್ಮೆಗೂಡು, ಮಾಗಡಿಯವನಿಗೆ ಕೋಟೆಯ ಬಾಗಿಲು, ಕನಕಪುರದವನಿಗೆ ಅರ್ಕಾವತಿಯ ಅಲೆ, ಚನ್ನಪಟ್ಟಣದವನಿಗೆ ಒಂದು ಬುಗುರಿ. ಇವರು ಯಾವ ಕಡೆಗೆ ಸೇರಿದವರೆಂದು ಕೇಳಿದೆನು. "ಇವರು ಊರಿನವರು ಮಾವ, ಯುದ್ಧಕ್ಕೆ ಬರುವುದಿಲ್ಲ, ನೋಡುತ್ತಾರೆ," ಎಂದಳು.

ಆ ವರ್ಷದ ನವರಾತ್ರಿಯಲ್ಲಿ ದಂಡು ಕೆಳಗಿನ ಮೆಟ್ಟಿಲಿನ ಮೇಲೆ ನಿಂತಿತು. ತಾತನವರು ಬರೆದ ಹದಿನಾಲ್ಕು ಮಂದಿ ಮುಂದೆ, ನಮ್ಮ ಹದಿನೆಂಟು ಮಂದಿ ಹಿಂದೆ. ಬೊಂಬೆಗಳನ್ನು ಮರಳಿ ಪೆಟ್ಟಿಗೆಗೆ ಸೇರಿಸುವ ದಿನ ಹೊಸ ಆಳುಗಳನ್ನು ಒಂದೊಂದಾಗಿ ತಲೆಕೆಳಗು ಮಾಡಿ, ತಳದ ಬರಿಯ ಮರದ ಮೇಲೆ ಸೀಸದ ಕಡ್ಡಿಯಿಂದ ಅವನ ಹೆಸರನ್ನೂ ಬರೆದವರ ಹೆಸರನ್ನೂ ವರ್ಷವನ್ನೂ ನಮೂದಿಸಿದೆವು. ತಾತನವರ ಹದಿನಾಲ್ಕು ಮಂದಿಯ ತಳದಲ್ಲಿ ಅವರ ಹೆಸರನ್ನು ಮಾತ್ರ ಬರೆದೆವು. ಆಳಿನ ಹೆಸರಿಗೆಂದು ಸ್ಥಳವನ್ನು ಬಿಟ್ಟಿದ್ದೇವೆ. ಮನೆಯಲ್ಲಿ ಹಳೆಯ ಬೊಂಬೆಗಳಿದ್ದು, ಅವುಗಳ ಕಥೆಯನ್ನು ಬಲ್ಲ ಹಿರಿಯರೂ ಇರುವ ವಾಚಕರು, ಬರುವ ನವರಾತ್ರಿಯವರೆಗೆ ಕಾಯದೆ, ಇಂದೇ ಅವರನ್ನು ಕೇಳಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.