ಗಾಲ್ಫ್ ಆಟ ತಡವಾಗದಿರಲು ಕೆಲವು ಸೂತ್ರಗಳು



ಗಾಲ್ಫ್ ಎಂದರೆ ದೊಡ್ಡ ಎಸ್ಟೇಟಿನವರ ಆಟ ಎಂಬ ಭಾವನೆ ನಮ್ಮಲ್ಲಿ ಬಹಳ ಜನರಿಗೆ ಇದೆ. ಬ್ರಿಟಿಷ್ ಪ್ಲಾಂಟರುಗಳ ಕಾಲದಲ್ಲಿ ಅದು ನಿಜವೂ ಆಗಿತ್ತು. ಬೆಂಗಳೂರು ಗಾಲ್ಫ್ ಕ್ಲಬ್ 1876ರಷ್ಟು ಹಳೆಯದು. ಕಾಫಿ ಸೀಮೆಯಲ್ಲಿಯೂ ಮಡಿಕೇರಿಯ ಮರ್ಕರಾ ಡೌನ್ಸ್, ವಿರಾಜಪೇಟೆ ಬಳಿಯ ಬಿಟ್ಟಂಗಾಲದ ಕೂರ್ಗ್ ಗಾಲ್ಫ್ ಲಿಂಕ್ಸ್, ಚಿಕ್ಕಮಗಳೂರು ಗಾಲ್ಫ್ ಕ್ಲಬ್ ಇವೆ. ಆಡಲು ಆಸೆಯಿರುವ ಸಣ್ಣ ಬೆಳೆಗಾರನನ್ನು ಎರಡು ಸಂಗತಿಗಳು ತಡೆಯುತ್ತವೆ. ಒಂದು, ‘ನನಗೆ ಆಟ ಸರಿಯಾಗಿ ಬಾರದು, ಹಿಂದಿನವರಿಗೆ ನನ್ನಿಂದ ತಡವಾದೀತು’ ಎಂಬ ಸಂಕೋಚ. ಇನ್ನೊಂದು, ಹೊತ್ತು. ದೊಡ್ಡ ತೋಟದಲ್ಲಿ ರೈಟರು, ಮೇಸ್ತ್ರಿ ಇರುತ್ತಾರೆ. ನಮ್ಮ ಕಣದಲ್ಲಿ ಹರವಿದ ಕಾಫಿಯನ್ನು ಸಂಜೆ ಗುಡ್ಡೆ ಮಾಡಿ ಮುಚ್ಚಲು ನಾವೇ ಬೇಕು.

ಈ ಎರಡಕ್ಕೂ ಪರಿಹಾರ ಒಂದೇ. ಆಟ ತಡವಾಗುವುದು ಕೆಟ್ಟ ಹೊಡೆತದಿಂದಲ್ಲ, ಸರದಿ ಬಂದಾಗ ಸಿದ್ಧವಾಗಿರದೆ ಇರುವುದರಿಂದ.

ಪೂರ್ಣ ಆಟಕ್ಕೆ 18 ಕುಳಿಗಳು. ಸಾಮಾನ್ಯವಾಗಿ ನಾಲ್ವರ ತಂಡಗಳು ಒಂದರ ಹಿಂದೆ ಒಂದು ಹೊರಡುತ್ತವೆ. ಮುಂದಿನ ತಂಡ ನಿಂತರೆ ಹಿಂದಿನವರೆಲ್ಲ ನಿಲ್ಲಬೇಕು. ಲೆಕ್ಕ ಹಾಕಿ ನೋಡಿರಿ: ನಾಲ್ವರು ತಲಾ 100 ಹೊಡೆತ ಹೊಡೆದು, ಪ್ರತಿ ಹೊಡೆತಕ್ಕೆ 20 ಸೆಕೆಂಡು ವ್ಯರ್ಥ ಮಾಡಿದರೆ 8,000 ಸೆಕೆಂಡು, ಅಂದರೆ 2 ಗಂಟೆ 13 ನಿಮಿಷ ಹೋಯಿತು!

ಅಡಿಕೆ ತೋಟದಲ್ಲಿ ಇದನ್ನು ದಿನವೂ ಕಾಣುತ್ತೇವೆ. ಕೊನೆಗಾರ ಮರದ ತುದಿಯಲ್ಲಿ ಕೊನೆ ಕಡಿಯುವಷ್ಟರಲ್ಲಿ ಕೆಳಗಿನವನು ಹಗ್ಗ ಹಿಡಿದು ಸಿದ್ಧನಾಗಿರಬೇಕು. ಅವನು ಎಲೆ ಅಡಿಕೆ ಹುಡುಕುತ್ತ ನಿಂತರೆ ಮೇಲಿನವನು ಸುಮ್ಮನೆ ತೂಗಾಡಬೇಕಾಗುತ್ತದೆ. ಇಲ್ಲಿ ಯಾರೂ ಓಡಬೇಕಾಗಿಲ್ಲ, ಸಿದ್ಧರಿದ್ದರೆ ಸಾಕು. ಗಾಲ್ಫಿಗೂ ಇದೇ ಸೂತ್ರ. 2019ರಲ್ಲಿ ಜಾರಿಗೆ ಬಂದ ಪರಿಷ್ಕೃತ ನಿಯಮಗಳು ಇದಕ್ಕೆ ಬೆಂಬಲವಾಗಿವೆ. ಮುಖ್ಯವಾದವು ಹೀಗಿವೆ:

1. ಕುಳಿಯಿಂದ ದೂರವಿರುವವರು ಮೊದಲು ಹೊಡೆಯುವುದು ವಾಡಿಕೆ. ಆದರೆ ಹೊಡೆತಗಳನ್ನು ಎಣಿಸುವ ಪಂದ್ಯದಲ್ಲಿ, ಯಾರಿಗೂ ಅಪಾಯವಿಲ್ಲದಿದ್ದರೆ, ಸಿದ್ಧರಿರುವವರು ಮೊದಲು ಹೊಡೆಯಬಹುದು. ಇಬ್ಬರ ನಡುವೆ ಕುಳಿಗಳನ್ನು ಗೆಲ್ಲುವ ಪಂದ್ಯವಾದರೆ ಎದುರಾಳಿಯ ಒಪ್ಪಿಗೆ ಬೇಕು.

2. ಸರದಿ ಬಂದು ಅಡ್ಡಿಯಿಲ್ಲವೆಂದಾದ ಮೇಲೆ 40 ಸೆಕೆಂಡಿನೊಳಗೆ ಹೊಡೆಯಬೇಕೆಂಬುದು ನಿಯಮದ ಸಲಹೆ. ಯಾವ ಕೋಲು ಬೇಕು, ದೂರವೆಷ್ಟು ಎಂಬುದನ್ನು ಬೇರೆಯವರು ಆಡುವಾಗಲೇ, ಅವರಿಗೆ ತೊಂದರೆಯಾಗದಂತೆ, ನಿರ್ಧರಿಸಿಕೊಳ್ಳಿರಿ.

3. ಚೆಂಡು ಪೊದೆಗೆ ಹೋಗಿ ಸಿಗದೆ ಇರಬಹುದೆಂಬ ಅನುಮಾನವಿದ್ದರೆ, ನಿಂತ ಜಾಗದಿಂದಲೇ ಇನ್ನೊಂದು ತಾತ್ಕಾಲಿಕ ಚೆಂಡನ್ನು ಹೊಡೆದು ಮುಂದೆ ಹೋಗಿರಿ. ಆಮೇಲೆ ಅರ್ಧ ದಾರಿಯಿಂದ ಮರಳಿ ನಡೆಯುವುದು ತಪ್ಪುತ್ತದೆ. ಆದರೆ ಹೊಡೆಯುವ ಮೊದಲೇ ‘ಇದು ತಾತ್ಕಾಲಿಕ ಚೆಂಡು’ ಎಂದು ಜೊತೆಯವರಿಗೆ ಹೇಳಲೇಬೇಕು. ಹೇಳದಿದ್ದರೆ ಎರಡನೆಯ ಚೆಂಡೇ ಆಟದ ಚೆಂಡಾಗುತ್ತದೆ.

4. ಚೆಂಡು ಹುಡುಕಲು ಮೊದಲು 5 ನಿಮಿಷ ಅವಕಾಶವಿತ್ತು. 2019ರಿಂದ 3 ನಿಮಿಷ ಮಾತ್ರ. ಹಿಂದಿನ ತಂಡ ಕಾಯುತ್ತಿದ್ದು ಮುಂದೆ ಜಾಗ ಖಾಲಿಯಿದ್ದರೆ, ಪಕ್ಕಕ್ಕೆ ಸರಿದು ಅವರನ್ನು ಮುಂದೆ ಬಿಡಿರಿ. ಇದರಲ್ಲಿ ಅವಮಾನವೇನೂ ಇಲ್ಲ.

5. ಕುಳಿಯಲ್ಲಿರುವ ಬಾವುಟದ ಕಂಬವನ್ನು ತೆಗೆಯದೆಯೇ ಚೆಂಡನ್ನು ಕುಳಿಗೆ ತಳ್ಳಬಹುದು. ಕಂಬಕ್ಕೆ ತಗಲಿದರೂ ಈಗ ದಂಡವಿಲ್ಲ. ಕೋಲುಗಳ ಚೀಲವನ್ನು ಮುಂದಿನ ಕುಳಿಗೆ ಹೋಗುವ ಕಡೆಯೇ ಇಡಿರಿ. ಲೆಕ್ಕ ಬರೆಯುವುದನ್ನು ಅಲ್ಲಿಗೆ ಹೋದ ಮೇಲೆ ಮಾಡಿರಿ.

6. ಸ್ನೇಹಕೂಟಕ್ಕೆ ಸ್ಟೇಬಲ್‌ಫೋರ್ಡ್ ಪದ್ಧತಿ ಬಹಳ ಅನುಕೂಲ. ಡಾ. ಫ್ರಾಂಕ್ ಸ್ಟೇಬಲ್‌ಫೋರ್ಡ್ ರೂಪಿಸಿದ ಈ ಪದ್ಧತಿ 1932ರಲ್ಲಿ ಇಂಗ್ಲೆಂಡಿನ ವಾಲಸಿ ಕ್ಲಬ್ಬಿನಲ್ಲಿ ಬಳಕೆಗೆ ಬಂತು. ಇದರಲ್ಲಿ ಪ್ರತಿ ಕುಳಿಗೂ ಅಂಕ. ಆ ಕುಳಿಯಲ್ಲಿ ಇನ್ನು ಅಂಕ ಸಿಗದೆಂದು ತಿಳಿದೊಡನೆ ಚೆಂಡನ್ನು ಎತ್ತಿ ಜೇಬಿಗೆ ಹಾಕಿಕೊಂಡು ಮುಂದೆ ನಡೆಯಬಹುದು. ಹೊಸಬನಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ಸಕಾರಣವಿಲ್ಲದೆ ತಡಮಾಡಿದರೆ ಹೊಡೆತ ಎಣಿಸುವ ಪಂದ್ಯದಲ್ಲಿ ಮೊದಲ ಸಲ ಒಂದು ಹೊಡೆತ, ಎರಡನೆಯ ಸಲ ಎರಡು ಹೊಡೆತ ದಂಡ. ಮೂರನೆಯ ಸಲ ಪಂದ್ಯದಿಂದಲೇ ಹೊರಗೆ. ಸ್ನೇಹದ ಆಟದಲ್ಲಿ ಅಲ್ಲಿಯವರೆಗೆ ಹೋಗಬೇಕಾಗಿಲ್ಲ. ಹೊರಡುವ ಮೊದಲೇ ಈ ಆರು ಅಂಶಗಳನ್ನು ಎಲ್ಲರಿಗೂ ಓದಿ ಹೇಳಿದರೆ ಸಾಕು.

ಒಂದು ಎಚ್ಚರಿಕೆ. ಬೇಗ ಆಡುವ ಭರದಲ್ಲಿ ಮುಂದಿನವರು ಚೆಂಡಿನ ಅಳತೆ ದಾಟುವ ಮೊದಲೇ ಹೊಡೆಯಬಾರದು. ಮೈದಾನದಲ್ಲಿ ಹುಲ್ಲು ಕತ್ತರಿಸುವವರು, ಚೀಲ ಹೊರುವ ಕ್ಯಾಡಿಗಳು ಎಲ್ಲಿದ್ದಾರೆಂದು ನೋಡಿಯೇ ಕೋಲು ಎತ್ತಿರಿ. ಚೆಂಡು ಯಾರ ಕಡೆಗಾದರೂ ಹೋದರೆ ‘ಫೋರ್’ ಎಂದು ಗಟ್ಟಿಯಾಗಿ ಕೂಗಿರಿ.

ಆಟ ಆರು ಗಂಟೆ ಹಿಡಿದರೆ ಮೊದಲು ಬಿಟ್ಟುಹೋಗುವವನು ಸಣ್ಣ ಬೆಳೆಗಾರನೇ. ಬಿಸಿಲು ಇಳಿಯುವ ಮುನ್ನ ಕಣಕ್ಕೆ ಮರಳಿದವನು ಮುಂದಿನ ಭಾನುವಾರವೂ ಬರುತ್ತಾನೆ, ಜೊತೆಗೆ ನೆರೆಯವನನ್ನೂ ಕರೆತರುತ್ತಾನೆ.