ಅಂಗಳಕ್ಕೂ ಮಾಲೀಕನಿರುವ ಆಟ

2004ರ ಜುಲೈ 17ರ ಸಂಜೆ ದಕ್ಷಿಣ ಕೊರಿಯದ ರೇವುಪಟ್ಟಣ ಬುಸಾನ್‌ನ ಗ್ವಾಂಗಲ್ಲಿ ಕಡಲ ದಂಡೆಯ ಮೇಲೆ ತೇರಿನ ದಿನದಂತೆ ಜನ ನೆರೆದಿದ್ದರು. ಒಂದು ಲಕ್ಷದಷ್ಟು ಮಂದಿ ಎಂದು ವರದಿಯಾಯಿತು. ಲೆಕ್ಕ ಕೊಂಚ ಉದಾರವಾದದ್ದೇ ಇರಬಹುದು. ಅದನ್ನು ಅರ್ಧಕ್ಕೆ ಇಳಿಸಿದರೂ ಸೋಜಿಗ ಕಡಿಮೆಯಾಗುವುದಿಲ್ಲ. ಏಕೆಂದರೆ ಅವರು ಬಂದದ್ದು ಗಾಯಕರ ಹಾಡು ಕೇಳಲೂ ಅಲ್ಲ, ಫುಟ್‌ಬಾಲ್ ಪಂದ್ಯ ನೋಡಲೂ ಅಲ್ಲ. ವೇದಿಕೆಯ ಮೇಲೆ ಎರಡು ವೃತ್ತಿಪರ ತಂಡಗಳ ಯುವಕರು ಕಂಪ್ಯೂಟರಿನ ಮುಂದೆ ಕುಳಿತು ‘ಸ್ಟಾರ್‌ಕ್ರಾಫ್ಟ್’ ಎಂಬ ಆಟದ ಲೀಗ್ ಫೈನಲ್ ಆಡುತ್ತಿದ್ದರು.

ಕುಳಿತಲ್ಲಿಂದ ಏಳದೆ ಬೆರಳಾಡಿಸುವುದು ಕ್ರೀಡೆ ಹೇಗಾದೀತು ಎಂದು ಕೇಳುವವರು ಇಂದಿಗೂ ಇದ್ದಾರೆ. ಚದುರಂಗದ ವಿಷಯದಲ್ಲೂ ಈ ತಕರಾರು ಇದ್ದದ್ದೇ. ಕೊರಿಯದವರು ವ್ಯಾಖ್ಯಾನದ ಗೊಡವೆಗೆ ಹೆಚ್ಚು ಹೋಗಲಿಲ್ಲ; ಒಂದು ಕ್ರೀಡೆಗೆ ಏನೇನು ಬೇಕೋ ಅದನ್ನೆಲ್ಲ ಕಟ್ಟಿಬಿಟ್ಟರು. ತಪ್ಪಿಹೋದದ್ದು ಒಂದೇ. ಅದರ ಅರಿವಾಗಲು ಅವರಿಗೆ ಹತ್ತು ವರ್ಷ ಬೇಕಾಯಿತು.

ಕಥೆ ಆರಂಭವಾಗುವುದು ಒಂದು ಸಂಕಟದಿಂದ. 1997ರಲ್ಲಿ ಏಷ್ಯದ ಹಣಕಾಸು ಬಿಕ್ಕಟ್ಟು ಕೊರಿಯವನ್ನು ನೆಲಕ್ಕೆ ಕೆಡವಿತು. ಕಂಪನಿಗಳು ಮುಚ್ಚಿದವು, ಸಾವಿರಾರು ಮಂದಿ ನೌಕರಿ ಕಳೆದುಕೊಂಡರು. ಕೈಗೆ ಬಂದ ಅಷ್ಟಿಷ್ಟು ಹಣದಲ್ಲಿ ಹಲವರು ಒಂದು ಕೋಣೆ ಬಾಡಿಗೆಗೆ ಹಿಡಿದು, ಕಂಪ್ಯೂಟರುಗಳನ್ನು ಸಾಲಾಗಿ ಜೋಡಿಸಿ, ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡತೊಡಗಿದರು. ಇವಕ್ಕೆ ಅಲ್ಲಿ ಪಿ.ಸಿ. ಬಾಂಗ್ ಎಂದು ಹೆಸರು. ಬಾಂಗ್ ಎಂದರೆ ಕೋಣೆ. ಸರ್ಕಾರ ದೇಶದ ಉದ್ದಗಲಕ್ಕೂ ವೇಗದ ಇಂಟರ್‌ನೆಟ್ ಹರಡುವ ಹಟ ತೊಟ್ಟಿದ್ದ ಕಾಲವೂ ಅದೇ. 1998ರ ಮಾರ್ಚ್‌ನಲ್ಲಿ ಅಮೆರಿಕದ ಬ್ಲಿಝಾರ್ಡ್ ಕಂಪನಿ ಸ್ಟಾರ್‌ಕ್ರಾಫ್ಟ್ ಬಿಡುಗಡೆ ಮಾಡಿದಾಗ ಆಡುವ ಜಾಗ, ಆಡುವ ಹುಡುಗರು, ಕೈಯಲ್ಲಿ ಬೇಕಾದಷ್ಟು ಬಿಡುವು, ಮೂರೂ ಕೊರಿಯದಲ್ಲಿ ಸಿದ್ಧವಾಗಿದ್ದವು.

ಆಟವೂ ಸಾಮಾನ್ಯದ್ದಲ್ಲ. ಚದುರಂಗದಲ್ಲಿ ಒಬ್ಬರಾದ ಮೇಲೆ ಒಬ್ಬರು ಕಾಯಿ ನಡೆಸುತ್ತಾರೆ, ಎದುರಾಳಿಯ ಬಲವೆಲ್ಲ ಕಣ್ಣೆದುರೇ ಇರುತ್ತದೆ. ಇಲ್ಲಿ ಸರದಿ ಎಂಬುದೇ ಇಲ್ಲ. ಇಬ್ಬರೂ ಏಕಕಾಲಕ್ಕೆ ಗಣಿಯಿಂದ ಖನಿಜ ತೆಗೆಯಬೇಕು, ಕಟ್ಟಡ ಎಬ್ಬಿಸಬೇಕು, ಸೈನ್ಯ ಬೆಳೆಸಬೇಕು, ಹೊಡೆದಾಡಬೇಕು. ತನ್ನವರು ಕಾಲಿಡದ ಜಾಗದಲ್ಲಿ ಶತ್ರು ಏನು ಮಾಡುತ್ತಿದ್ದಾನೆಂಬುದು ಕಾಣಿಸುವುದೂ ಇಲ್ಲ. ಮನುಷ್ಯರ ಟೆರಾನ್, ಹುಳುಗಳಂಥ ಝರ್ಗ್, ಮುಂದುವರಿದ ಅನ್ಯಲೋಕದವರಾದ ಪ್ರೊಟಾಸ್ ಎಂಬ ಮೂರು ಕುಲಗಳಿವೆ. ಒಂದರ ರೀತಿ ಇನ್ನೊಂದಕ್ಕಿಲ್ಲ, ಆದರೂ ಬಲ ಮಾತ್ರ ಹೆಚ್ಚುಕಡಿಮೆ ಸಮ. ನುರಿತ ಆಟಗಾರನ ಎರಡೂ ಕೈ ಸೇರಿ ನಿಮಿಷಕ್ಕೆ 300ಕ್ಕೂ ಹೆಚ್ಚು ಆಜ್ಞೆ ಕೊಡುತ್ತವೆ. ಇದನ್ನು ಕಂಡ ಮೇಲೂ ‘ಬೆರಳಾಡಿಸುವುದು’ ಎನ್ನುವುದಾದರೆ ವೀಣೆ ನುಡಿಸುವುದನ್ನೂ ಹಾಗೆಯೇ ಕರೆಯಬೇಕಾದೀತು.

2000ರಲ್ಲಿ ಆಟಗಳಿಗೇ ಮೀಸಲಾದ ದೂರದರ್ಶನ ವಾಹಿನಿ ಬಂದಿತು, ಸರ್ಕಾರದ ಒಪ್ಪಿಗೆ ಪಡೆದ ಇ-ಕ್ರೀಡಾ ಸಂಘವೂ ಹುಟ್ಟಿತು. ಆಟಗಾರರನ್ನು ಶಬ್ದ ನುಸುಳದ ಗಾಜಿನ ಗೂಡುಗಳಲ್ಲಿ ಕೂರಿಸಲಾಗುತ್ತಿತ್ತು. ಪ್ರೇಕ್ಷಕರ ಕೂಗಿನಿಂದ ಗುಟ್ಟು ರಟ್ಟಾಗಬಾರದಲ್ಲ! ಟೆರಾನ್ ಕುಲವನ್ನು ಆಡಿಸುತ್ತಿದ್ದ ಲಿಮ್ ಯೋ-ಹ್ವಾನ್ ಸಿನಿಮಾ ನಟನಂತೆ ಮನೆಮಾತಾದ. ಅವನ ಅಭಿಮಾನಿ ಸಂಘದ ಸದಸ್ಯರ ಸಂಖ್ಯೆ ಐದು ಲಕ್ಷ ದಾಟಿತ್ತು. ದೊಡ್ಡ ದೂರವಾಣಿ ಕಂಪನಿಗಳು ತಂಡ ಕಟ್ಟಿದವು. ಹುಡುಗರು ಒಂದೇ ಮನೆಯಲ್ಲಿ ವಾಸವಾಗಿದ್ದು, ಒಟ್ಟಿಗೆ ಉಂಡು, ದಿನಕ್ಕೆ ಹತ್ತು ಹನ್ನೆರಡು ಗಂಟೆ ಅಭ್ಯಾಸ ಮಾಡುತ್ತಿದ್ದರು. ಹಳೆಯ ಗರಡಿಮನೆಯ ಶಿಸ್ತು ಇದಕ್ಕಿಂತ ಬೇರೆಯೇನೂ ಇದ್ದಿರಲಾರದು. ಕೊರಿಯದ ಗಂಡಸರಿಗೆ ಸೈನ್ಯಸೇವೆ ಕಡ್ಡಾಯ. ಎರಡು ವರ್ಷ ಕೈ ನಿಂತರೆ ಇಂಥ ಆಟಗಾರನ ಬದುಕು ಮುಗಿದಂತೆಯೇ. ಲಿಮ್‌ನ ಸರದಿ 2006ರಲ್ಲಿ ಬಂದಿತು. ಮರುವರ್ಷ ಕೊರಿಯದ ವಾಯುಪಡೆಯೇ ಸ್ಟಾರ್‌ಕ್ರಾಫ್ಟ್ ತಂಡ ಕಟ್ಟಿ ಲೀಗಿಗೆ ಇಳಿಸಿತು.

ಕ್ರೀಡೆಯ ಪಿಡುಗುಗಳೂ ಬೆನ್ನಿಗೇ ಬಂದವು. ಬಲಗೈ ಸೋತ ಲೀ ಯಂಗ್-ಹೋ 2011ರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾಯಿತು. ಆಗ ಅವನಿಗೆ ಇನ್ನೂ ಹತ್ತೊಂಬತ್ತು. ಅದಕ್ಕೆ ಒಂದು ವರ್ಷ ಮೊದಲು ಬಾಜಿ ಕಟ್ಟುವವರಿಂದ ಹಣ ಪಡೆದು ಬೇಕೆಂದೇ ಸೋತ ಹಗರಣ ಬಯಲಿಗೆ ಬಂದು, ಸಂಘ 11 ಆಟಗಾರರಿಗೆ ಆಜೀವ ನಿಷೇಧ ಹೇರಿತು. ನಮ್ಮ ಕ್ರಿಕೆಟ್ ಕಂಡ ಕಳಂಕವೇ ಇದು. ಮೋಸ ಮಾಡುವಷ್ಟು ಬೆಲೆ ಬಂದ ಮೇಲೆ, ಕ್ರೀಡೆಯೋ ಅಲ್ಲವೋ ಎಂಬ ವಾದಕ್ಕೆ ಅರ್ಥ ಉಳಿಯಲಿಲ್ಲ.

ಆದರೆ ಕಬಡ್ಡಿಗೆ ಮಾಲೀಕರಿಲ್ಲ. ಕ್ರಿಕೆಟ್ ನಿಯಮಗಳ ಪಠ್ಯದ ಹಕ್ಕು ಲಂಡನ್ನಿನ ಎಂ.ಸಿ.ಸಿ.ಗೆ ಸೇರಿದ್ದು ನಿಜ. ಹಾಗೆಂದು ಓಣಿಯ ಹುಡುಗರು ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ. ವಿಡಿಯೊ ಆಟದಲ್ಲಿ ಚೆಂಡು, ಬ್ಯಾಟು, ಅಂಗಳ, ನಿಯಮ ಎಲ್ಲವೂ ಒಂದು ಕಂಪನಿಯ ಸ್ವತ್ತು. ಕೊರಿಯದ ಸಂಘ 2007ರಲ್ಲಿ ಲೀಗಿನ ಪ್ರಸಾರ ಹಕ್ಕನ್ನು ಮಾರಿದಾಗ ಈ ಗಂಟು ಕಣ್ಣಿಗೆ ಬಿದ್ದಿತು. ನಮ್ಮ ಆಟವನ್ನು ಮಾರಲು ನೀವು ಯಾರು ಎಂಬುದು ಬ್ಲಿಝಾರ್ಡ್‌ನ ತಕರಾರು. ಇಷ್ಟು ವರ್ಷ ಪ್ರೇಕ್ಷಕರನ್ನು ಸಂಪಾದಿಸಿದವರು ನಾವು ಎಂಬುದು ಕೊರಿಯದವರ ವಾದ. ಎರಡರಲ್ಲೂ ನ್ಯಾಯವಿತ್ತು. ಮಾತುಕತೆ ಮುರಿಯಿತು, ಕೋರ್ಟಿನ ಮೆಟ್ಟಿಲೇರಿದ್ದಾಯಿತು, 2011ರ ಮೇ ತಿಂಗಳಲ್ಲಿ ರಾಜಿಯಾಯಿತು.

ಅಷ್ಟರಲ್ಲಿ ಕಂಪನಿ 2010ರಲ್ಲೇ ಸ್ಟಾರ್‌ಕ್ರಾಫ್ಟ್-2 ಹೊರತಂದಿತ್ತು. 2012ರಲ್ಲಿ ದೂರದರ್ಶನದ ಲೀಗುಗಳು ಹಳೆಯ ಆಟವನ್ನು ಕೈಬಿಟ್ಟವು. ಹನ್ನೆರಡು ವರ್ಷ ಬೆರಳಿಗೆ ಅಂಟಿದ್ದ ವಿದ್ಯೆಯನ್ನು ಆಟಗಾರರು ಬದಿಗಿಟ್ಟು ಹೊಸದನ್ನು ಕಲಿಯಬೇಕಾಯಿತು. ಕೆಲವರು ಕಲಿತರು, ಹಲವರು ನಿವೃತ್ತರಾದರು. ವಾಯುಪಡೆಯ ತಂಡವೂ ಅದೇ ವರ್ಷ ವಿಸರ್ಜನೆಗೊಂಡಿತು. ಹೊಸ ಆಟದ ತಂಡ ಲೀಗೂ 2016ರಲ್ಲಿ ನಿಂತಿತು. ವಿಚಿತ್ರವೆಂದರೆ, ಕ್ರೀಡೆ ಸಾಯಲಿಲ್ಲ. ಲೀ ಯಂಗ್-ಹೋ ಸೇರಿದಂತೆ ನಿವೃತ್ತರು ಹಳೆಯ ಆಟಕ್ಕೇ ಮರಳಿ ಇಂಟರ್‌ನೆಟ್ಟಿನಲ್ಲಿ ನೇರ ಪ್ರಸಾರ ಮಾಡತೊಡಗಿದರು, ಅಭಿಮಾನಿಗಳೂ ಹಿಂಬಾಲಿಸಿದರು.

2023ರಲ್ಲಿ ಚೀನದ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಇ-ಕ್ರೀಡೆಗೆ ಮೊದಲ ಬಾರಿ ಅಧಿಕೃತ ಪದಕ ದೊರೆಯಿತು. ‘ಲೀಗ್ ಆಫ್ ಲೆಜೆಂಡ್ಸ್’ ಆಟದಲ್ಲಿ ಚಿನ್ನ ಗೆದ್ದ ಕೊರಿಯದ ತಂಡಕ್ಕೆ, ಉಳಿದ ಚಿನ್ನದ ಪದಕಧಾರಿಗಳಂತೆಯೇ, ಸೈನ್ಯಸೇವೆಯಿಂದ ವಿನಾಯಿತಿ ಸಿಕ್ಕಿತು. ಭಾರತಕ್ಕೂ ಅಲ್ಲಿ ಒಂದು ಆಸೆ ಇತ್ತು. 2018ರ ಜಕಾರ್ತ ಕೂಟದಲ್ಲಿ ಪ್ರದರ್ಶನಕ್ಕೆಂದು ನಡೆದ ಇ-ಕ್ರೀಡೆಯಲ್ಲಿ ಗುಜರಾತಿನ ತೀರ್ಥ್ ಮೆಹ್ತಾ ‘ಹಾರ್ತ್‌ಸ್ಟೋನ್’ ಎಂಬ ಇಸ್ಪೀಟಿನಂಥ ಆಟದಲ್ಲಿ ಕಂಚು ಗೆದ್ದಿದ್ದರು. ಹಾಂಗ್‌ಝೌ ಪಟ್ಟಿಯಲ್ಲೂ ಆ ಆಟ ಮೊದಲು ಇತ್ತು. ಅದೂ ಬ್ಲಿಝಾರ್ಡ್‌ನದೇ ಆಟ. 2023ರ ಜನವರಿಯಲ್ಲಿ ಚೀನದ ಪಾಲುದಾರ ಕಂಪನಿಯೊಂದಿಗೆ ಅದರ ಒಪ್ಪಂದ ಮುಗಿದು, ಅಲ್ಲಿನ ಸರ್ವರ್‌ಗಳು ಸ್ಥಗಿತಗೊಂಡವು. ಎರಡು ತಿಂಗಳಲ್ಲಿ ಹಾರ್ತ್‌ಸ್ಟೋನ್ ಅನ್ನು ಪಟ್ಟಿಯಿಂದ ತೆಗೆದುಹಾಕಲಾಯಿತು.